ಒಳಗಿನ ಕೆಂಪು ದಾರ

“ಈ ಊರಿನ ನೀಲಿಯವರನ್ನೆಲ್ಲ ನಾನೊಬ್ಬಳೇ ಒಳಗಿಂದ ಸೋಲಿಸಿದ್ದೀನಿ. ಇವತ್ತಿನವರೆಗೂ ಒಬ್ಬನಿಗೂ ಸುಳಿವು ಸಿಕ್ಕಿಲ್ಲ, ತಿಳ್ಕೋ!”

ಹೊಲಿಗೆ ಅಂಗಡಿಯ ಕತ್ತರಿ ಅಕ್ಕ ಇದನ್ನು ಹೇಳುವಾಗ ಆಕೆಯ ತುಟಿಗಳ ನಡುವೆ ಒಂದು ಸಾಲು ಗುಂಡುಸೂಜಿಗಳಿರುತ್ತಿದ್ದವು. ಸೂಜಿ ಕಚ್ಚಿಕೊಂಡೇ ಆಕೆ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಆಕಳಿಸುತ್ತಿದ್ದಳು. ಒಂದೂ ಕೆಳಗೆ ಬಿದ್ದದ್ದಿಲ್ಲ. ಕೇಳಿಸಿಕೊಳ್ಳುತ್ತಿದ್ದವಳು ಪಕ್ಕದ ಅಂಗಡಿಯ ಇಸ್ತ್ರಿಯವಳು. ಆ ಮಾತನ್ನು ಅದೆಷ್ಟು ಸಲ ಕೇಳಿದ್ದಳೆಂದರೆ ಅದು ಶುರುವಾಗುತ್ತಲೇ ಇಸ್ತ್ರಿಪೆಟ್ಟಿಗೆ ತಾನಾಗಿ ಬಿಸಿಯಾಗುತ್ತಿತ್ತು.

ಆ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಎರಡೇ ತಂಡ. ನದಿಯ ಈ ದಂಡೆಯದು ಕೆಂಪು, ಆ ದಂಡೆಯದು ನೀಲಿ. ಬೇರೆ ಊರಿನ ತಂಡಗಳೂ ಬಂದು ಆಡಿ ಹೋಗುತ್ತಿದ್ದವು. ದಾರಿ ತಪ್ಪಿ ಮದುವೆಮನೆಗೆ ನುಗ್ಗಿದವರನ್ನು ನೋಡುವಂತೆ ಜನ ಅವನ್ನು ನೋಡುತ್ತಿದ್ದರು. ಕೆಂಪು–ನೀಲಿ ಆಟವಿದ್ದ ವಾರ ಹಲ್ಲುನೋವಿನವನು ಡಾಕ್ಟರ ಟೈ ಯಾವ ಬಣ್ಣದ್ದೆಂದು ನೋಡಿಯೇ ಬಾಯಿ ತೆರೆಯುತ್ತಿದ್ದ. ಈ ದಂಡೆಯ ಒಬ್ಬ ತಂದೆಯಂತೂ ಹುಟ್ಟಿದ ಮಗು ನೀಲಿಗಟ್ಟಿದೆಯೆಂದು ಮುಖ ತಿರುಗಿಸಿದವನು, ನರ್ಸು ಬೆನ್ನಿಗೆ ತಟ್ಟಿ ಅದು ಕೆಂಪಗಾದ ಮೇಲಷ್ಟೇ ಎತ್ತಿಕೊಂಡನಂತೆ. ಸುಳ್ಳಿದ್ದರೂ ಇರಬಹುದು. ಆ ತಂದೆಯನ್ನು ಬಲ್ಲವರು ಮಾತ್ರ ನಂಬುತ್ತಾರೆ.

ಅಕ್ಕ ಹುಟ್ಟು ಕೆಂಪಿನವಳು. ಅಪ್ಪ ಕೆಂಪು, ಅಮ್ಮ ಕೆಂಪು, ಮನೆಯ ಬೆಕ್ಕು ಕೂಡ ಆದಷ್ಟು ಕೆಂಚು. ಕೆಟ್ಟುಹೋದವನು ತಮ್ಮನೊಬ್ಬನೇ. ಚಿಕ್ಕವನಿದ್ದಾಗ ಅಪ್ಪನ ಹೆಗಲೇರಿ ಮೊದಲ ಆಟ ನೋಡಲು ಹೋದವನಿಗೆ ನೀಲಿ ತಂಡದ ತೆಂಗಿನಮರದೆತ್ತರದ ಆಟಗಾರನೊಬ್ಬ ಬೆವರು ಒರೆಸಿದ ಟವೆಲನ್ನು ಎಸೆದುಬಿಟ್ಟ. ಅಷ್ಟೇ, ಹುಡುಗ ನೀಲಿಯಾದ. ಅಮ್ಮ ಆ ಟವೆಲನ್ನು ಒಗೆಯಲು ತೆಗೆದುಕೊಂಡರೆ ಉರುಳಾಡಿ ಅಳುತ್ತಿದ್ದ. ಅದು ಕೊನೆಕೊನೆಗೆ ಗೋಡೆಗೆ ಒರಗಿಸಿದರೆ ತಾನೇ ನಿಲ್ಲುವಷ್ಟು ಗಟ್ಟಿಯಾಗಿತ್ತು. ಅಪ್ಪ ಸಾಯುವವರೆಗೂ ನೆಂಟರಿಗೆ “ನನಗೆ ಒಬ್ಬಳೇ ಮಗಳು, ಇನ್ನೊಬ್ಬ ಬಾಡಿಗೆಗಿದ್ದಾನೆ” ಎಂದೇ ಪರಿಚಯಿಸುತ್ತಿದ್ದ.

ತಮ್ಮ ದೊಡ್ಡವನಾಗಿ ಬಸ್ ಡ್ರೈವರಾದ. ನೀಲಿ ಗೆದ್ದ ದಿನ ಅಕ್ಕನ ಬೀದಿಗೆ ಬಂದಕೂಡಲೇ ಹಾರನ್ ಒತ್ತಿ ಹಿಡಿಯುತ್ತಿದ್ದ. ಬೀದಿ ಮುಗಿದರೂ ಬಿಡುತ್ತಿರಲಿಲ್ಲ. ಹಾಗಾಗಿ ಊರಿಗೆಲ್ಲ ಅವನು ‘ಹಾರನ್’. ಅಕ್ಕ–ತಮ್ಮನ ನಡುವೆ ಒಂದು ಕಟ್ಟಳೆ ಇತ್ತು: ಆಟ ಮುಗಿದ ಮೇಲೆ ಗೆದ್ದವರು ಸೋತವರ ಮನೆಗೆ ಹೋಗಬೇಕು, ಸೋತವರು ಟೀ ಮಾಡಿ ಕೊಡಬೇಕು, ಗೆದ್ದವರು ಒಂದು ಗುಟುಕು ಕುಡಿದು “ಸಕ್ಕರೆ ಕಡಿಮೆ” ಅನ್ನಬೇಕು. ನಿಜ ಹೇಳಬೇಕೆಂದರೆ ಅಕ್ಕನೇ ಟೀ ಮಾಡಿದ್ದು ಹೆಚ್ಚು. ಕೆಂಪು ತಂಡ ಗೆಲುವನ್ನು ಬಾಗಿಲವರೆಗೆ ಕರೆತಂದು ಚಪ್ಪಲಿ ಬಿಡುವಷ್ಟರಲ್ಲಿ ಕಳೆದುಕೊಳ್ಳುವುದರಲ್ಲಿ ನಿಸ್ಸೀಮ. ಫೈನಲ್ಲುಗಳಲ್ಲಿ ಅವರು ಸೋತ ಬಗೆಗಳನ್ನೆಲ್ಲ ಹೇಳಲು ಹೊರಟರೆ ಕೇಳುವವರು ಮುದುಕರಾಗುತ್ತಾರೆ.

ಈ ಹೊಟ್ಟೆಯುರಿಗೆ ಅಕ್ಕ ಕಂಡುಕೊಂಡ ಮದ್ದು ಬಾಬಿನ್ನಿನಲ್ಲಿತ್ತು. ಹೊಲಿಗೆ ಮಶೀನಿಗೆ ಎರಡು ದಾರ: ಮೇಲಿನ ಉಂಡೆಯಿಂದ ಇಳಿಯುವುದು ಬಟ್ಟೆಯ ಹೊರಮೈಗೆ ಕಾಣುತ್ತದೆ, ಕೆಳಗಿನ ಬಾಬಿನ್ನಿನಿಂದ ಬರುವುದು ಒಳಮೈಗೆ. ನೀಲಿ ಅಂಗಿ ಯಾವುದೇ ಬರಲಿ, ಆಕೆ ಮೇಲೆ ನೀಲಿ ದಾರ ಹಾಕಿ ಬಾಬಿನ್ನಿಗೆ ಕೆಂಪು ಸುತ್ತುತ್ತಿದ್ದಳು. ಅಂಗಿ ತೊಟ್ಟವನು ನೀಲಿ ನೀಲಿ ಎಂದು ಕೂಗುತ್ತಿದ್ದರೆ ಅವನ ಚರ್ಮಕ್ಕೆ ಕೆಂಪು ತಾಗಿಕೊಂಡಿರುತ್ತಿತ್ತು. ಅದು ಅವರಿಗೆ ಕಾಟ ಕೊಡುತ್ತದೆ, ತಂಡದ ಕಾಲಿಗೆ ತೊಡರುತ್ತದೆ ಎಂಬುದು ಆಕೆಯ ಗಟ್ಟಿ ನಂಬಿಕೆ.

“ಮತ್ತೆ ಅವರೇ ಗೆಲ್ತಾರಲ್ಲ?” ಎಂದು ಇಸ್ತ್ರಿಯವಳು ಒಮ್ಮೆ ಕೇಳಿಬಿಟ್ಟಿದ್ದಳು.

“ನನ್ನ ದಾರ ಇಲ್ದೇ ಹೋಗಿದ್ರೆ ಇನ್ನೂ ಜಾಸ್ತಿ ಗೆಲ್ತಿದ್ರು! ಎಷ್ಟು ತಡೆದಿದ್ದೀನಿ ಅಂತ ನಿಂಗೇನು ಗೊತ್ತು?”

“ಅಲ್ಲಾ, ಆ ದಂಡೆಯಲ್ಲಿ ದರ್ಜಿಗಳಿಲ್ವಾ? ಸೇತುವೆ ದಾಟಿ ನಿನ್ನ ಹತ್ರಾನೇ ಯಾಕೆ ಸಾಲು ನಿಲ್ತಾರೆ?”

“ಹೊಲಿಗೆ ಅಂದ್ರೆ ಹಾಗಿರತ್ತೆ” ಎಂದು ಅಕ್ಕ ಪೆಡಲು ತುಳಿದಳು.

ಹೀಗೆ ನಡೆದುಕೊಂಡು ಬಂದದ್ದು ಆ ವರ್ಷ ಮುರಿದುಬಿತ್ತು. ನೀಲಿ ತಂಡದ ಮಾಲೀಕ ಅದನ್ನು ದೂರದ ಇನ್ನೊಂದು ಊರಿನವರಿಗೆ ಮಾರಿದ. ಮುಂದಿನ ವರ್ಷದಿಂದ ಬೇರೆ ಊರು, ಬೇರೆ ಹೆಸರು, ಬಣ್ಣ ಕೂಡ ಹಳದಿಯಂತೆ. ಇನ್ನುಳಿದದ್ದು ಕೆಂಪಿನ ಜೊತೆ ಒಂದು ಕೊನೆಯ ಆಟ. ಅದೇ ಹೊತ್ತಿಗೆ ತಮ್ಮನ ಶ್ವಾಸಕೋಶ ಕೈಕೊಟ್ಟಿತ್ತು. ಡಾಕ್ಟರು ಮೊದಮೊದಲು ಮಾತ್ರೆ ಬದಲಾಯಿಸುತ್ತಿದ್ದವರು, ಆಮೇಲೆ ವಿಷಯ ಬದಲಾಯಿಸತೊಡಗಿದರು. ಕೊನೆಗೆ “ಮನೆಯಲ್ಲೇ ಇಟ್ಕೊಳ್ಳಿ” ಎಂದರು. ಬೀದಿಯನ್ನೇ ನಡುಗಿಸುತ್ತಿದ್ದ ಹಾರನ್, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕದ ಮಂಚದಲ್ಲಿ ಸೀಟಿ ಊದುವ ಹಾಗೆ ಉಸಿರಾಡುತ್ತಿದ್ದ.

ಅಕ್ಕ ನೋಡಲು ಹೋದಾಗ ಅವನು ದಿಂಬಿನ ಕೆಳಗಿನಿಂದ ಹಳೆಯ ನೀಲಿ ಅಂಗಿ ಎಳೆದ.

“ಅಕ್ಕಾ, ಇದನ್ನ ಸ್ವಲ್ಪ ಹಿಡಿದು ಚಿಕ್ಕದು ಮಾಡ್ಕೊಡು. ಕೊನೇ ಆಟಕ್ಕೆ ಹಾಕ್ಕೋಬೇಕು. ಈಗ ಹಾಕ್ಕೊಂಡ್ರೆ ಒಳಗೆ ನಾನೆಲ್ಲಿದೀನಿ ಅಂತ ನಾನೇ ಹುಡುಕ್ಬೇಕು.”

“ಹಿಡಿಯೋದೇನು, ಇದ್ರಲ್ಲಿ ಇನ್ನೊಬ್ಬ ಬಾಡಿಗೆಗೆ ಇರಬಹುದು.”

“ಈ ಒಂದು ಗೆದ್ದುಬಿಟ್ರೆ ಸಾಕು ಅಕ್ಕಾ. ಆಮೇಲೆ ಅವರೂ ಹೋಗ್ಲಿ, ನಾನೂ ಹೋಗ್ತೀನಿ. ಗೆದ್ದು ಹೋದ ಹಾಗಾಗತ್ತೆ.”

ಅಕ್ಕ ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಎದ್ದಳು.

ಅಂಗಡಿಗೆ ಬಂದು ಅಂಗಿಯನ್ನು ಮೇಜಿನ ಮೇಲೆ ಹರವಿದಳು. ಅಂಚಿನವರೆಗೂ ಹಳೆಯ ಹೊಲಿಗೆಯೆಲ್ಲ ಬಿಚ್ಚಿದಳು. ಒಳಗೆ ತಾನೇ ಹಾಕಿದ ಕೆಂಪು ದಾರ, ಬೆವರಿಗೆ ಮಾಸಿತ್ತು. ಅಭ್ಯಾಸದ ಕೈ ಕೆಂಪು ಬಾಬಿನ್ನಿಗೆ ಹೋಯಿತು, ಅಲ್ಲೇ ನಿಂತಿತು. ಕಾಟ ಕೊಡುವ ದಾರ. ಅದನ್ನು ತಮ್ಮನ ಕೊನೆಯ ಆಟಕ್ಕೆ ಹಾಕುವುದು ಹೇಗೆ?

ಜೀವಮಾನದಲ್ಲಿ ಮೊದಲ ಬಾರಿಗೆ ಕತ್ತರಿ ಅಕ್ಕ ಬಾಬಿನ್ನಿಗೆ ನೀಲಿ ಸುತ್ತಿದಳು. ಮಶೀನು ಒಮ್ಮೆ ಕೆಮ್ಮಿ, ಎರಡು ಸಲ ದಾರ ತುಂಡರಿಸಿ, ನೆಲಕ್ಕೆ ಕಾಲೂರಿದ ಕತ್ತೆಯ ಹಾಗೆ ನಿಂತುಬಿಟ್ಟಿತು. ಆಕೆ ಅದರ ತಲೆಗೊಂದು ಕೊಟ್ಟಳು. ಇಸ್ತ್ರಿಯವಳು ಬಾಗಿಲಲ್ಲಿ ನಿಂತು ನೋಡಿದಳು.

“ಏನಕ್ಕಾ, ಮೇಲೂ ನೀಲಿ, ಕೆಳಗೂ ನೀಲಿ? ಜ್ವರ ಗಿರ ಬಂದಿದ್ಯಾ?”

“ನಿನ್ನ ಪೆಟ್ಟಿಗೆ ಸುಡ್ತಿದೆ, ಹೋಗು” ಎಂದಳು ಅಕ್ಕ. ಪೆಟ್ಟಿಗೆ ಸುಡುತ್ತಿರಲಿಲ್ಲ.

ಆಟ ಒಂದು ಭಾನುವಾರ ಮಧ್ಯಾಹ್ನ. ಅಕ್ಕ ತಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ತಮ್ಮನ ಹೆಂಡತಿ ಅವನನ್ನು ದಿಂಬಿಗೆ ಒರಗಿಸಿ, ಅಂಗಿ ತೊಡಿಸಿ, ತಾನು ನೋಡಲಾರೆನೆಂದು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಟಿವಿಯಲ್ಲಿ ಸಭಾಂಗಣ ಕಿಕ್ಕಿರಿದಿತ್ತು. ಅರ್ಧ ಜನ ಆಟ ಶುರುವಾಗುವ ಮೊದಲೇ ಅಳುತ್ತಿದ್ದರು. ಅವರಲ್ಲಿ ಕೆಂಪಿನವರೂ ಇದ್ದರು. ನಾಳೆಯಿಂದ ಯಾರನ್ನು ಬೈದು ಹಲ್ಲುಜ್ಜುವುದೆಂದು ಅವರಿಗೂ ಗೊತ್ತಿರಲಿಲ್ಲ.

ನೀಲಿ ಚೆನ್ನಾಗಿಯೇ ಆಡಿತು. ಅಕ್ಕ ಮನಸ್ಸಿನಲ್ಲೇ ತನ್ನವರಿಗೆ ಹೇಳುತ್ತಿದ್ದಳು: ಇಷ್ಟು ವರ್ಷ ಬೇಡ ಬೇಡ ಅಂದರೂ ಸೋತಿರಲ್ಲ ಮಹಾನುಭಾವರೇ, ಇವತ್ತೊಂದು ದಿನ ಕೇಳ್ಕೊಂಡು ಸೋಲಿ. ಆದರೆ ಕೆಂಪಿನವರಿಗೆ ಆ ದಿನವೇ ದೆವ್ವ ಮೆಟ್ಟಿಕೊಂಡಿತ್ತು. ಕಣ್ಣು ಮುಚ್ಚಿ ಎಸೆದರೂ ಬುಟ್ಟಿಗೆ ಬೀಳುತ್ತಿತ್ತು. ಕೊನೆಗೆ ಹೊತ್ತು ಮುಗಿಯುವ ಗಳಿಗೆಯಲ್ಲಿ ನೀಲಿ ಒಂದೇ ಪಾಯಿಂಟು ಹಿಂದಿತ್ತು. ಕೆಂಪಿನವನೊಬ್ಬ ತಳ್ಳಿದ್ದಕ್ಕೆ ನೀಲಿಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದ ಎರಡು ಎಸೆತ, ಸಿಕ್ಕವು. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಗೆಲುವು.

ಮೊದಲನೆಯದು ರಿಂಗಿಗೆ ಬಡಿದು ಹಾರಿತು.

“ಅಯ್ಯೋ, ನಂದೇ ತಪ್ಪು! ಮುಟ್ಟೋದೇ ಮರ್ತೆ” ಎಂದ ತಮ್ಮ. ಅಂಗಿಯ ಅಂಚು ಮಗುಚಿದ. ಮಗುಚಿ ನೋಡಿದ. ಇನ್ನೊಂದು ಕಡೆಯೂ ಮಗುಚಿದ. “ಅಕ್ಕಾ... ಕೆಂಪು ಎಲ್ಲಿ?”

“ಯಾವ ಕೆಂಪು?” ಎಂದಳು ಅಕ್ಕ, ಟಿವಿಯಿಂದ ಕಣ್ಣು ತೆಗೆಯದೆ.

ಎರಡನೆಯ ಚೆಂಡು ರಿಂಗಿನ ಮೇಲೆ ಕೂತು, ಮನೆ ಬಾಡಿಗೆಗೆ ನೋಡುವವನ ಹಾಗೆ ನಿಧಾನವಾಗಿ ಒಂದು ಸುತ್ತು ಸುತ್ತಿ, ಒಳಗೆ ಇಣುಕಿ, ಇಷ್ಟವಾಗದೆ ಹೊರಗೆ ಬಿತ್ತು. ಕೆಂಪು ಗೆದ್ದಿತು. ಬೀದಿಯಲ್ಲಿ ಯಾರೋ ಕೂಗಿದರು. ಕೂಗು ಅರ್ಧಕ್ಕೇ ನಿಂತಿತು.

ತಮ್ಮ ಟಿವಿ ನೋಡುತ್ತಿರಲಿಲ್ಲ. ಅಂಗಿಯ ಅಂಚನ್ನೇ ನೋಡುತ್ತಿದ್ದ.

“ನನ್ನ ಹತ್ರಾನೇ ಆಟ ಆಡ್ತೀಯಾ? ನನ್ನ ಮದುವೆಗೆ ನೀಲಿ ಅಂಗಿ ಹೊಲಿದು ಕೊಟ್ಟೆಯಲ್ಲ, ಆವತ್ತೇ ಒಳಗೆ ಕೆಂಪು ನೋಡಿದ್ದೆ. ಸಂಜೆ ನಾವು ಗೆದ್ವಿ. ಮತ್ತೆ ಹಾಕ್ಕೊಂಡೆ, ಮತ್ತೆ ಗೆದ್ವಿ. ಬಸ್ ಹತ್ತಿದ ನೀಲಿಯವರಿಗೆಲ್ಲ ಹೇಳ್ದೆ, ನಮ್ಮಕ್ಕನ ಹತ್ರ ಹೊಲಿಸ್ಕೊಳ್ಳಿ, ಒಳಗೆ ಕೆಂಪು ಹಾಕ್ತಾಳೆ, ಅದು ಕೈ ಹಿಡಿಯತ್ತೆ, ಅವಳಿಗೆ ಮಾತ್ರ ಬಾಯಿ ಬಿಡ್ಬೇಡಿ ಅಂತ. ಆ ದಂಡೆಯಲ್ಲಿ ಮಕ್ಕಳಿಗೂ ಗೊತ್ತು.”

ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಸೇತುವೆ ದಾಟಿ ಬಂದ ಸಾಲುಸಾಲು ಮುಖಗಳು ಕಣ್ಣ ಮುಂದೆ ಬಂದವು. ಅಂಗಿ ಕೈಗೆ ಬಂದ ಕೂಡಲೇ ಒಳಮೈ ತಿರುಗಿಸಿ, “ಹಾಂ, ಸರಿಯಾಗಿದೆ” ಎಂದು ನಗುತ್ತ ಹೋಗುತ್ತಿದ್ದರು. ಅವರು ಹೊಲಿಗೆಯ ಗಟ್ಟಿತನ ನೋಡುತ್ತಾರೆಂದುಕೊಂಡಿದ್ದಳು.

“ಇವತ್ತೇ ಯಾಕಕ್ಕಾ ನೀಲಿ ಹಾಕ್ದೆ?”

“ನೀನು ಗೆಲ್ಲಲಿ ಅಂತ ಕಣೋ.”

ತಮ್ಮ ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅಕ್ಕ ಅವನ ಬೆನ್ನು ನೀವಿದಳು. ಅಂಗಿಯ ಕೆಳಗೆ ಬರೀ ಮೂಳೆ ಸಿಕ್ಕಿತು.

“ಹಾಗಾದ್ರೆ ನಿಮ್ಮ ಅಷ್ಟೂ ಕಪ್ ಗೆದ್ದಿದ್ದು ನಾನೇ ತಾನೇ?” ಎಂದಳು, ಅವನ ಉಸಿರು ಹದಕ್ಕೆ ಬಂದ ಮೇಲೆ. “ಊರು ಬಿಡೋ ಮುಂಚೆ ಅವನ್ನ ನನ್ನ ಅಂಗಡಿಗೆ ತಂದಿಟ್ಟು ಹೋಗೋಕೆ ನಿಮ್ಮ ತಂಡದವರಿಗೆ ಹೇಳು. ಅಂಗಿ ಗುಂಡಿ ಹಾಕಿಡೋಕೆ ಆಗತ್ತೆ.”

“ಗೆದ್ದಿದ್ದೀಯಲ್ಲ, ಟೀ ಕುಡಿ ಹೋಗು.”

ಕಟ್ಟಳೆಯ ಪ್ರಕಾರ ಅವನು ಮಾಡಿ ಕೊಡಬೇಕು. ಅವನು ಮಂಚದ ಅಂಚಿನವರೆಗೂ ಬರಲಾರ. ಅಕ್ಕ ತಾನೇ ಒಳಗೆ ಹೋಗಿ, ತಾನೇ ಕಾಯಿಸಿ, ಲೋಟ ಹಿಡಿದು ಬಂದು ಕುರ್ಚಿಯಲ್ಲಿ ಕೂತಳು. ಎಷ್ಟೋ ವರ್ಷ ಆಕೆ ದಾರಿ ಕಾದ ಟೀ. ಒಂದು ಗುಟುಕು ಕುಡಿದಳು. ಬಾಯಿಗೆ ಏನೂ ರುಚಿ ಹತ್ತಲಿಲ್ಲ.

“ಹೇಳು ಮತ್ತೆ” ಎಂದ ತಮ್ಮ.

“ಸಕ್ಕರೆ ಕಡಿಮೆ.”

ಟಿವಿಯಲ್ಲಿ ನೀಲಿ ಆಟಗಾರರು ಕೈಬೀಸಿ ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಕೊನೆಯವನೂ ಹೋದ ಮೇಲೆ ಕ್ಯಾಮೆರಾ ಬರಿದಾದ ಬಾಗಿಲನ್ನೇ ತೋರಿಸುತ್ತಿತ್ತು. ತಮ್ಮ ಅಂಗಿಯ ಅಂಚನ್ನು ಬೆರಳಲ್ಲಿ ಸವರಿದ.

“ಅಕ್ಕಾ, ಹೋಗೋ ದಿನ ನಂಗೆ ಇದನ್ನೇ ಹಾಕಿಸು. ಆದ್ರೆ ಈ ಹೊಲಿಗೆ ಬಿಚ್ಚಿ, ಒಳಗೆ ಕೆಂಪು ಹಾಕಿ ಕೊಡು. ಯಾರಿಗೂ ಕಾಣ್ಬಾರ್ದು.”

ಅಕ್ಕ ಲೋಟ ಕೆಳಗಿಟ್ಟಳು. ಬಗ್ಗಿ, ಅಂಚಿನಲ್ಲಿ ಬಿಟ್ಟುಹೋಗಿದ್ದ ನೀಲಿ ದಾರದ ತುಣುಕೊಂದನ್ನು ಹಲ್ಲಿನಿಂದ ಕಡಿದಳು.

“ಒಳಗ್ಯಾಕೋ? ಈ ಸಲ ಹೊರಗೇ ಹಾಕ್ತೀನಿ, ಆ ದಂಡೆಯವರೆಗೂ ಕಾಣೋ ಹಾಗೆ. ತಾಕತ್ತಿದ್ರೆ ಎದ್ದು ಬಂದು ಜಗಳ ಆಡು!”