ಯಾರು ಕರೆದರೆಂದು ಕೇಳುತ್ತಿದ್ದ ರಿಪೇರಿಯವರು

ಅವತ್ತು ಬೆಳಿಗ್ಗೆ ಜೋಳ ಬೀಸಿಸಿಕೊಂಡು ಬಂದೆ, ಕಡಲೆ ಬಿಸಿಲಿಗೆ ಹರವಿದೆ, ಪುಂಡಿಪಲ್ಯದ ಸೊಪ್ಪು ಬಿಡಿಸಿ ಸೋಸಿದೆ. ಕಿವಿ ಮಾತ್ರ ಫೋನಿನ ಕಡೆಗೇ ಇತ್ತು. ತಂಗಿ ಹೆರಿಗೆಗೆಂದು ಕಲಘಟಗಿಯ ದವಾಖಾನೆಯಲ್ಲಿದ್ದಳು. ಆದರೆ ಅಣ್ಣಿಗೇರಿಯ ನಮ್ಮ ಮನೆಗೆ ಯಾರು ಫೋನ್ ಹಚ್ಚಿದರೂ ಲೈನ್ ಬಿಜಿ.

ಮುಂದಿನ ಖೋಲಿಯಲ್ಲಿ ನಮ್ಮವರ ಟೈಪಿಂಗ್ ಅಂಗಡಿ. ಎರಡು ಕಂಪ್ಯೂಟರು, ಮೊದಲನೆಯದಕ್ಕೆ ಪ್ರಿಂಟರು, ನಡುವೆ ಒಂದು ವೈರು. ಆಗ ಇಂಟರ್ನೆಟ್ಟಿಗೂ ಫೋನಿಗೂ ಒಂದೇ ಲೈನು. ಯಾರೂ ಕೇಳದಿದ್ದರೂ ಲೈನಿಗೆ ಜೋಡಿಸಿದ ಮೋಡೆಮ್ ಡಬ್ಬಿ ಕೀಂಯ್ ಎನ್ನುತ್ತ ತಾನೇ ಹುಬ್ಬಳ್ಳಿಯ ಇಂಟರ್ನೆಟ್ ನಂಬರಿಗೆ ಫೋನ್ ಹಚ್ಚುತ್ತಿತ್ತು. ಅಂಗಡಿಗೆ ಬರುವ ಹುಡುಗರ ಚೇಷ್ಟೆಯೆಂದು ನಮ್ಮವರು ಫೋನಿಗೆ ಕೀಲಿ ಹಾಕಿದ್ದರು!

ಕಂಪ್ಯೂಟರ್ ರಿಪೇರಿಯವರು ಬಂದು, ಕಣ್ಣು ಮುಚ್ಚಿ ಮೋಡೆಮ್ಮಿಗೆ ಕಿವಿಗೊಟ್ಟು ಕೂತರು.

"ಅದನ್ನ ಕಿತ್ತ ಒಗೀರಿ ಅತ್ತಾಗ," ಎಂದರು ನಮ್ಮವರು.

"ತಡೀರಿ ಸಾಹುಕಾರ್ರ, ಯಾರು ಕರದ್ರು ಕೇಳೂಣು." ಎಲ್ಲಿ ಹೋದರೂ ಅವರದು ಅದೇ ಮಾತು.

ಎರಡನೇ ಕಂಪ್ಯೂಟರಿನಿಂದ ಒಂದು ಹಾಳೆ ಪ್ರಿಂಟಿಗೆ ಕಳಿಸಿದರು. ತಕ್ಷಣ ಮೋಡೆಮ್ ಕೂಗಿತು. ಅವರು ನಕ್ಕರು.

"ಪ್ರಿಂಟರ್ ಇರೋ ಕಂಪ್ಯೂಟರ್ ಎಲ್ಲೈತಿ ಅಂತ ಇದಕ್ಕ ಗೊತ್ತಿಲ್ರಿ. ಬಾಜೂ ಮನಿ ಕೇಳಾಕ ಹುಬ್ಬಳ್ಳಿಗೆ ಫೋನ್ ಹಚ್ಚತೈತಿ!"

"ಇವರು ಹುಡುಗ್ರು ಮಾಡ್ತಾರಂತ ಫೋನಿಗೆ ಕೀಲಿ ಹಾಕ್ಯಾರ ನೋಡ್ರಿ," ಎಂದೆ ನಾನು.

ಅವರು ಪ್ರಿಂಟರ್ ಇದ್ದ ಕಂಪ್ಯೂಟರಿನ ಹೆಸರು, ವಿಳಾಸವನ್ನು ಇನ್ನೊಂದರೊಳಗೆ ಬರೆದಿಟ್ಟು, ಮತ್ತೆ ಹಾಳೆ ಕಳಿಸಿದರು. ಹಾಳೆ ಬಂತು, ಮೋಡೆಮ್ ಸುಮ್ಮನಿತ್ತು.

ಚಹಾ ಕುಡಿಯುವಾಗ ಫೋನ್ ಬಡಿಯಿತು. ನಾನು ಕಪ್ಪು ಕೆಳಗಿಟ್ಟು ಫೋನಿನ ಹತ್ತಿರ ಹೋದೆ.

"ಎತ್ರಿ ಅಕ್ಕಾರ, ಯಾರು ಕರದ್ರು ಕೇಳೂಣು."

ತಂಗಿಯ ಗಂಡ. "ಮುಂಜಾನಿಂದ ಹಚ್ಚಾಕತ್ತೇನಿ ಅಕ್ಕಾ! ಹೆಣ್ಣು ಕೂಸು, ಇಬ್ರೂ ಆರಾಮ ಅದಾರ."

ರಾತ್ರಿ ರೊಟ್ಟಿ, ಪುಂಡಿಪಲ್ಯದ ಜೊತೆ ಕೂಸಿನ ಹೆಸರಲ್ಲಿ ಸಿಹಿ ಸಜ್ಜಕ ಉಂಡೆವು. ಮೊದಲು ಮಲಗಿದವರು ನಮ್ಮವರೇ, ಆದರೂ ಫೋನಿನ ಕೀಲಿಕೈಯನ್ನು ದಿಂಬಿನಡಿ ಇಟ್ಟುಕೊಂಡೇ.