ಕುಂಟೆಯ ಲೋಳೆ ಗಡ್ಡೆಗಳು

ಗಿರಿರಾಜ್ ರಾಜಾಜಿನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ನಾಲ್ಕು ವರ್ಷ ಅಟೆಂಡರ್ ಆಗಿದ್ದವರು. ಪಾಠ ಹೇಳಿ ಹೆಸರು ಮಾಡಿದವರು ಲೆಕ್ಚರರ್‌ಗಳು. ಕೆರೆ ಕುಂಟೆ ಅಲೆದು ಕಪ್ಪೆ, ಹುಳು, ಬಸವನಹುಳು ಹಿಡಿದು ತಂದು, ಬಾಟಲಿಗೆ ಹಾಕಿ ಚೀಟಿ ಅಂಟಿಸಿದವರು ಇವರು. 'ಅದನ್ನ ಎತ್ಕೊಂಡು ಬಾ' ಅಂದವರು ಸಾವಿರ ಮಂದಿ. 'ಇದೇನು?' ಅಂತ ಇವರನ್ನು ಕೇಳಿದವರು ಒಬ್ಬರೂ ಇಲ್ಲ.

ನಿವೃತ್ತರಾದ ಮೇಲೆ ಮಲ್ಲತ್ತಹಳ್ಳಿಯ ತಿಮ್ಮಯ್ಯ, ಲಕ್ಷ್ಮಿದೇವಮ್ಮ ದಂಪತಿಯ ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ತಿಮ್ಮಯ್ಯನವರ ಹೊಲವೆಲ್ಲ ಸೈಟಾಗಿ, ಮನೆ ಹಿಂದಿನ ಕುಂಟೆಯೊಂದು ಉಳಿದಿತ್ತು. ಆ ಮನೆಯ ಮದುವೆಗಳಿಗೆಲ್ಲ ಗಂಗೆಪೂಜೆ ಅಲ್ಲೇ. ಮೊದಲ ಕೊಡ ತುಂಬುವುದು ಮನೆಯ ಸೊಸೆ. ಸೂತಕದಲ್ಲಿದ್ದವರು ಮಾತ್ರ ಆ ನೀರು ಮುಟ್ಟುವ ಹಾಗಿಲ್ಲ.

ಸೊಸೆ ಕುಸುಮಾಗೆ ಐದನೇ ತಿಂಗಳಲ್ಲಿ ಬಸಿರು ಇಳಿದುಹೋಯಿತು. ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಸೂತಕವೆಂದು ಯೋಚಿಸದೆ ಅವಳು ತನ್ನ ಬಟ್ಟೆಯನ್ನು ಕುಂಟೆಯಲ್ಲಿ ಜಾಲಿಸಿಬಿಟ್ಟಳು. ಅತ್ತೆ ಅದನ್ನು ಕಂಡರು. ತಿಂಗಳು ಕಳೆಯುವುದರಲ್ಲಿ, ನೀರಿಗೆ ಬಿದ್ದ ಕೊಂಬೆಗಳ ಮೇಲೆ ಮುಷ್ಟಿ ಗಾತ್ರದ ಲೋಳೆ ಗಡ್ಡೆಗಳು ಕಂಡವು. ಅಷ್ಟು ಹೊತ್ತಿಗೆ ಮನೆಮಗಳ ಮದುವೆಗೆ ಉಳಿದದ್ದು ಒಂದೇ ವಾರ. ಲಕ್ಷ್ಮಿದೇವಮ್ಮ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಗಂಗಮ್ಮ ಈ ಸೊಸೆ ಮೇಲೆ ಮೊದಲಿಂದಲೂ ಮುನಿದಿದ್ದಾಳೆ, ಬಸಿರು ನಿಲ್ಲದ್ದೂ ಅದಕ್ಕೇ, ಈ ಸಲ ಕೊಡ ತುಂಬೋಕೆ ಬೇರೆ ಯಾರಾದರೂ ಬರಬೇಕು ಎಂದು ನೆಂಟರಿಗೆ ಫೋನಿನಲ್ಲಿ ಹೇಳಿದರು. ಅದು ಕುಸುಮಾಳ ಕಿವಿಗೆ ಬಿತ್ತು.

ಅವಳು ಮಹಡಿ ಹತ್ತಿ ಬಂದಳು.

"ಅಂಕಲ್, ಅದೇನು ಅಂತ ನೋಡ್ತೀರಾ? ನಾನು ಬಟ್ಟೆ ಜಾಲಿಸಿದ್ರಿಂದಾನೇ ಆಗಿದ್ದಾ ಅಂತ ಗೊತ್ತಾದ್ರೆ ಸಾಕು."

ಗಿರಿರಾಜ್ ಎದ್ದರು. ಕೆಳಗಿಳಿದು ಗಡ್ಡೆಯಿದ್ದ ಕಡ್ಡಿಯೊಂದನ್ನು ಮುರಿದು, ಗಾಜಿನ ಲೋಟದಲ್ಲಿ ತಂದರು. ಹಳೇ ಚಾಳಿ, ಕೈ ಸೀದಾ ಜೀವಿಗಳನ್ನು ಕೊಂದು ಕೆಡದಂತಿಡುವ ಫಾರ್ಮಲಿನ್ ಬಾಟಲಿಗೆ ಹೋಯಿತು. ಮುಚ್ಚಳ ತೆಗೆದವರು ಅಲ್ಲೇ ಕೈ ತಡೆದರು. ಸತ್ತರೆ ಅದು ಬರೀ ಲೋಳೆ, ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ. ಕುಂಟೆಯ ನೀರನ್ನೇ ತುಂಬಿ, ಲೋಟವನ್ನು ಕಿಟಕಿಯ ಬೆಳಕಿಗಿಟ್ಟು, ಅಲುಗಿದರೆ ಅದು ಅರಳುವುದಿಲ್ಲವೆಂದು ಕುಸುಮಾಗೆ ಅಲುಗಾಡದೆ ಕೂರಲು ಹೇಳಿದರು. ಸೊಸೆ ಇಷ್ಟು ಹೊತ್ತು ಮೇಲೇನು ಮಾಡುತ್ತಿದ್ದಾಳೆಂದು ನೋಡಲು ಬಂದ ಲಕ್ಷ್ಮಿದೇವಮ್ಮನವರಿಗೂ ಒಂದು ಕುರ್ಚಿ ಹಾಕಿ ಅದನ್ನೇ ಹೇಳಿದರು. ಆಕೆ ಮುಖ ಗಂಟಿಕ್ಕಿಕೊಂಡೇ ಕೂತರು.

ಮುಕ್ಕಾಲು ಗಂಟೆಯಾದ ಮೇಲೆ ಗಿರಿರಾಜ್ ಭೂತಗನ್ನಡಿ ಹಿಡಿದು ನೋಡಿದರು. ಲೋಳೆಯ ಮೈತುಂಬ ಕೂದಲೆಳೆಯಂಥ ಬಿಳಿ ಕುಚ್ಚುಗಳು ಅರಳಿ ಮೆಲ್ಲಗೆ ಆಡುತ್ತಿದ್ದವು. ಕನ್ನಡಿಯನ್ನು ಇಬ್ಬರಿಗೂ ಕೊಟ್ಟರು.

ಇದು ಒಂದು ಜೀವವಲ್ಲ, ನೂರಾರು ಪುಟ್ಟ ಪ್ರಾಣಿಗಳು ಒಟ್ಟಿಗೆ ಕಟ್ಟಿಕೊಂಡ ಮನೆ, ಬ್ರಯೋಜೋವ ಅಂತಾರೆ, ಎಂದು ವಿವರಿಸಿದರು. ಒಳಗೆ ಕಾಣುವ ಕಪ್ಪು ಕಾಳುಗಳು ಇವುಗಳ ಬೀಜದಂತೆ. ಕೆಸರಲ್ಲಿ ಒಣಗಿ ಬಿದ್ದಿದ್ದು ನೀರು ಬಂದಾಗ ಮೊಳೆಯುತ್ತವೆ, ಹಕ್ಕಿಗಳ ಕಾಲಿಗೆ ಅಂಟಿಯೂ ಬರುತ್ತವೆ. ಬಟ್ಟೆ ಜಾಲಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. "ತೊಂಬತ್ತೊಂದರಲ್ಲಿ ಕೆಂಗೇರಿ ಕಡೆ ಕೆರೇಲಿ ನಾನೇ ಹಿಡಿದು ತಂದಿದ್ದೆ ಕಣಮ್ಮ. ಆಗ ಈ ಹುಡುಗಿ ಹುಟ್ಟೇ ಇರ್ಲಿಲ್ಲ."

ಲಕ್ಷ್ಮಿದೇವಮ್ಮ ಕನ್ನಡಿ ಇಳಿಸದೆಯೇ ಕೇಳಿದರು.

"ಹಂಗಾದ್ರೆ ನಮ್ ಮಗು ಯಾಕೆ ಹೋಯ್ತು, ಗಿರಿರಾಜಣ್ಣ?"

ಕುಸುಮಾ ತಲೆಯೆತ್ತಿದಳು. ಇಷ್ಟು ದಿನದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಮಗು ಎಂದು ಕರೆದಿರಲಿಲ್ಲ. ಗಿರಿರಾಜ್‌ಗೆ ಆಗ ಹೊಳೆಯಿತು. ಈ ತಾಯಿ ಬೈಯಲು ಹುಡುಕಿದ್ದಲ್ಲ, ದುಃಖಕ್ಕೊಂದು ಕಾರಣ ಹುಡುಕಿದ್ದು. ಸಿಕ್ಕಿದ್ದ ಒಂದನ್ನೂ ತಾನೀಗ ಕಿತ್ತುಕೊಂಡಾಗಿತ್ತು.

"ಅದು ನಂಗೆ ಗೊತ್ತಿಲ್ಲಮ್ಮ," ಅಂದರು.

ಲಕ್ಷ್ಮಿದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಕುಸುಮಾ ಎದ್ದು ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತಳು.

"ಶುಕ್ರವಾರ ಗಂಗೆಪೂಜೆಗೆ ಕೊಡ ನೀನೇ ತುಂಬು," ಅಂದರು ಆಕೆ, ಮುಖ ತಿರುಗಿಸದೆ.

"ಒಬ್ಬಳೇ ಇಳಿಯಲ್ಲ ಅತ್ತೆ. ನೀವೂ ನನ್ ಜೊತೆ ನೀರಿಗೆ ಇಳೀಬೇಕು."

ಲಕ್ಷ್ಮಿದೇವಮ್ಮ ಸೊಸೆಯ ತಲೆಯ ಮೇಲೆ ಕೈಯಿಟ್ಟು, ಇಳೀತೀನಿ ಅಂದರು.