ಕೆಡ್ಜಿ ರಸ್ತೆ ದಾಟಿಸುವ ಮಿಸ್ ನೀಟಾ

ಬೆಳಗಿನ ಆರೂ ಮುಕ್ಕಾಲು. ಷಿಕಾಗೋದ ನೈರುತ್ಯ ಭಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕೆಡ್ಜಿ ರಸ್ತೆಯ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ವರ್ನೀಟಾ ಪಿಕೆಟ್ ಕಾಲುಚೀಲದ ಮೇಲೆ ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಕವರು ಎಳೆದುಕೊಂಡು, ಆಮೇಲೆ ಬೂಟಿಗೆ ಕಾಲು ತೂರಿಸುತ್ತಿದ್ದಾರೆ. ವಯಸ್ಸು ಅರವತ್ತೇಳು, ಬಗ್ಗಿದರೆ ಸೊಂಟ ಹಿಡಿಯುತ್ತದೆ. "ಎಂಥಾ ಬೂಟಲ್ಲೂ ನೀರು ಇಳಿಯುತ್ತೆ, ಬ್ರೆಡ್ ಕವರಲ್ಲಿ ಇಳಿಯಲ್ಲ," ಎನ್ನುತ್ತಾ ಏಳುತ್ತಾರೆ. ಹಳದಿ ಕೋಟಿನ ಗುಂಡಿ ಹಾಕಿ, 'ನಿಲ್ಲಿ' ಎಂದು ಬರೆದ ಕೆಂಪು ಫಲಕ ಹಿಡಿದು ಮೂಲೆಗೆ ಹೋಗಿ ನಿಲ್ಲುತ್ತಾರೆ.

ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಇದೇ ಮೂಲೆ. ಅದಕ್ಕೂ ಮುಂಚೆ ಮಿಠಾಯಿ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿತು, ಅದೇ ವರ್ಷ ಗಂಡನೂ ತೀರಿಕೊಂಡರು. ಈಗ ದಿನಕ್ಕೆ ನಲವತ್ತಮೂರು ಮಕ್ಕಳು, ಎಲ್ಲರ ಹೆಸರೂ ಬಾಯಿಪಾಠ.

"ಏಯ್ ಡಾರಿಯನ್, ಟೋಪಿ ಎಲ್ಲೋ?"

"ಬ್ಯಾಗಲ್ಲಿದೆ, ಮಿಸ್ ನೀಟಾ."

"ಬ್ಯಾಗಿಗೆ ಚಳಿ ಆಗ್ತಿತ್ತಾ? ಹಾಕ್ಕೋ ಕಂದಾ."

ಈ ಊರಲ್ಲಿ ಇಪ್ಪತ್ತೆರಡು ಚಳಿಗಾಲ ಕಳೆದು, ಈಗ ಇವರ ಬಗ್ಗೆ ಕನ್ನಡದಲ್ಲಿ ಬರೆಯಲು ಬಂದು ನಿಂತವನು ನಾನು. ಜನವರಿ ಬಂತೆಂದರೆ ಎದುರುಮನೆಯವರ ಮುಖ ಕಾಣುವುದೂ ಅಪರೂಪ. ಊರಿನ ಪಕ್ಕದ ದೊಡ್ಡ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಎಲ್ಲರೂ ಬಾಗಿಲು ಜಡಿದುಕೊಂಡು ಕೂರುತ್ತಾರೆ. ವಾರಗಟ್ಟಲೆ ಸೂರ್ಯನಿಲ್ಲ, ಮನಸ್ಸಿಗೂ ಮಂಕು ಕವಿಯುತ್ತದೆ. ಆಗ ಬೀದಿಯಲ್ಲಿ ಹೆಸರು ಹಿಡಿದು ಕರೆಯುವ ದನಿ ಇದೊಂದೇ.

ಆ ದನಿಯೂ ಏಪ್ರಿಲಿಗೆ ನಿಲ್ಲುತ್ತದೆ. ಬೆಳಿಗ್ಗೆ ಮೂವತ್ತು ಮಕ್ಕಳಾದರೂ ದಾಟದ ಮೂಲೆಗೆ ಕಾವಲಿನವರು ಬೇಡವೆಂಬುದು ನಗರಾಡಳಿತದ ನಿಯಮ. ಮಕ್ಕಳನ್ನು ಎಣಿಸಲು ಜನವರಿಯಲ್ಲಿ ಒಬ್ಬರು ಬಂದರು, ಹೊರ ಊರಿನವರು. ಎಲ್ಲ ಎಡವಟ್ಟಾದದ್ದು ಅಲ್ಲೇ.

ಇಲ್ಲಿ ರಸ್ತೆಬದಿಯ ಹಿಮವನ್ನು ಸಲಿಕೆಯಿಂದ ಬಾಚಿ ಕಾರಿಗೆ ಜಾಗ ಮಾಡಿಕೊಂಡವರು, ಕಾರು ತೆಗೆದಾಗ ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಹಿಮ ಕರಗುವವರೆಗೆ ಆ ಜಾಗ ಅವರದು. ಕಾನೂನಿನಲ್ಲಿಲ್ಲ, ಆದರೂ ಆ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಬಂದವರು ಎಲಿಸಿಯೋ ಎಂಬ ನೆರೆಯವರ ಕುರ್ಚಿಯನ್ನು ಹಿಮದ ಗುಡ್ಡೆಯ ಮೇಲೆಸೆದು ತಮ್ಮ ಕಾರು ನಿಲ್ಲಿಸಿದರು. ಹೆಂಡತಿಯನ್ನು ಡಯಾಲಿಸಿಸ್‌ಗೆ ಬಿಟ್ಟು ಬಂದ ಎಲಿಸಿಯೋ ನೋಡಿದರು. ಅವರಿಗೆ ಎಪ್ಪತ್ತೆರಡು ವರ್ಷ. ಆ ಜಾಗ ಬಾಚಲು ಮೂರು ತಾಸು ಹಿಡಿದಿತ್ತು. ಸೀದಾ ಮನೆಯೊಳಗೆ ಹೋಗಿ ಎರಡು ಬಕೆಟ್ ನೀರು ತಂದು ಕಾರಿನ ಬಾಗಿಲಿಗೆ ಹೊಯ್ದರು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಬಾಗಿಲ ಮೇಲೆ ನೀರು ಗಾಜಿನಂತೆ ಹೆಪ್ಪುಗಟ್ಟಿತು.

ಏಳೂವರೆಗೆ, ಎಣಿಸುತ್ತಿದ್ದ ಆ ಮನುಷ್ಯ ಕಾರಿನ ಗತಿ ನೋಡಿ ಅತ್ತ ಓಡಿದರು. ಎಂಟರವರೆಗೆ ಬಾಗಿಲು ಕೆರೆಯುತ್ತಾ ನಿಂತರು. ಮಕ್ಕಳು ಗುಂಪುಗುಂಪಾಗಿ ದಾಟುವುದು ಅದೇ ಹೊತ್ತಿನಲ್ಲಿ. ಅವರ ಹಾಳೆಯಲ್ಲಿ ಉಳಿದದ್ದು ಹದಿನೇಳು.

"ಇಪ್ಪತ್ತಾರು ಮಕ್ಕಳು ನಿಮ್ಮ ಬೆನ್ನ ಹಿಂದೆ ದಾಟಿದ್ರು ಅಂದೆ," ಎನ್ನುತ್ತಾರೆ ನೀಟಾ. "ಕಂಡಿದ್ದನ್ನ ಬರೀತೀನಿ ಅಂದ್ರು. ಆಮೇಲೆ, ನೀರು ಹೊಯ್ದವರ ಹೆಸರು ಹೇಳಿ, ನಾಳೆ ಬಂದು ಮತ್ತೆ ಎಣಿಸ್ತೀನಿ ಅಂದ್ರು. ನಾನು ನೋಡಿಲ್ಲ ಅಂದೆ."

"ನೋಡಿದ್ರಾ?"

"ಇಲ್ಲೇ ನಿಂತಿದ್ದೆನಲ್ಲಪ್ಪಾ." ಫಲಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಿಮ್ಮ ಭಾಷೆ ಈ ಬೀದೀಲಿ ಯಾರಿಗೂ ಬರಲ್ಲ ತಾನೆ? ಹಾಗಾದ್ರೆ ಬರ್ಕೊಳ್ಳಿ. ಎಲಿಸಿಯೋಗೆ ಗೊತ್ತಾಗೋದು ಬೇಡ," ಎನ್ನುತ್ತಾರೆ.

ಹೆಸರು ಕೇಳಿದ ಆ ಮಾತು ಎಲಿಸಿಯೋಗೆ ಗೊತ್ತಿಲ್ಲ, ಆದರೆ ಎಣಿಕೆ ತಪ್ಪಿದ್ದು ತಮ್ಮಿಂದ ಎಂಬುದು ಗೊತ್ತು. ಲೆಕ್ಕ ತಪ್ಪಿದ ಇಪ್ಪತ್ತಾರರಲ್ಲಿ ಅವರ ಮೊಮ್ಮಗಳು ಶಿಮೇನಾಳೂ ಇದ್ದಳು. ಈಗ ದಿನಾ ಬೆಳಿಗ್ಗೆ ತಮಾಲೆ ಎಂಬ ಮೆಕ್ಕೆಜೋಳದ ಬಿಸಿ ಕಡುಬು ತಂದುಕೊಟ್ಟು ತಲೆ ತಗ್ಗಿಸಿ ನಿಲ್ಲುತ್ತಾರೆ.

"ಯಾರ ಕಾರು ಅಂತ ಒಂದು ಮಾತು ಕೇಳಬಾರದಿತ್ತಾ?" ನೀಟಾ ಇವತ್ತೂ ಗೊಣಗುತ್ತಾರೆ.

"ಕುರ್ಚಿ ಮುಟ್ಟಿದ್ದ, ಮಿಸ್ ನೀಟಾ."

"ಮುಟ್ಟಿದ್ದ. ನಾನಾಗಿದ್ರೂ ಹೊಯ್ತಿದ್ದೆ. ಅದಕ್ಕೇ ನಿನ್ನ ಮೇಲೆ ಸರಿಯಾಗಿ ಸಿಟ್ಟೂ ಮಾಡ್ಕೊಳ್ಳೋಕಾಗ್ತಿಲ್ಲ."

ಮೇಲಿನವರಿಗೆ ಒಂದು ಅರ್ಜಿ ಬರೆದುಕೊಡಲೇ ಎಂದು ಕೇಳುತ್ತೇನೆ. ಕೆಲಸದ ಮಾತು ಬೇಡವೆಂದು ನೀಟಾ ತಲೆಯಾಡಿಸುತ್ತಾರೆ. ಆಮೇಲೆ ಸಿಗ್ನಲ್ ಕಡೆ ಕೈ ತೋರಿಸುತ್ತಾರೆ.

"ಹಿಮದ ಬೂಟು ಹಾಕ್ಕೊಂಡ ಪುಟ್ಟ ಮಕ್ಕಳು ಈ ರಸ್ತೆ ದಾಟೋಕೆ ಮೂವತ್ತು ಸೆಕೆಂಡು ಬೇಕು. ವಾಚು ಹಿಡ್ಕೊಂಡು ನೋಡಿದೀನಿ. ಅದು ಕೊಡೋದು ಇಪ್ಪತ್ತೆರಡೇ. ಉಳಿದ ಎಂಟು ಸೆಕೆಂಡಿಗೆ ಇಷ್ಟು ವರ್ಷ ನಾನು ನಿಂತಿದ್ದೆ. ಆ ಎಂಟನ್ನ ಸಿಗ್ನಲ್ಲಿಗೆ ಸೇರಿಸಿ ಅಂತ ಬರೀರಿ. ಅದಾದ್ರೆ ನಾನು ಮನೆಗೆ ಹೋಗ್ತೀನಿ."